ಗುಡಿಸಿದ ದಾರಿ

"ಗುರುಗಳೇ, ಕೊಟ್ಟ ಮಾತನ್ನು ಮುರಿಯದೆ ಇದ್ದವನನ್ನೂ ತಪ್ಪಿತಸ್ಥ ಎನ್ನಬಹುದೇ?"

ಕೇಳಿದವನು ರೇವಯ್ಯ. ಮಠದಲ್ಲಿ ಅವನದು ಆರನೆಯ ವರ್ಷ. ಬೆಳಗಿನ ಪಾಠ ಮುಗಿದು ಗುರುಗಳು ಒಬ್ಬರೇ ಕುಳಿತಿದ್ದಾಗ ಅವನು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದ್ದ. ಮುಂದಿನ ಜಗಲಿಯಲ್ಲಿ ಸಂಗಯ್ಯ ಅಕ್ಕಿ ಆರಿಸುತ್ತಿದ್ದ. ಇಬ್ಬರಿಗೂ ಹಿಂದೆ ದೊಡ್ಡ ಜಗಳವಾಗಿತ್ತು. ಎರಡು ತಿಂಗಳ ಕೆಳಗೆ ಗುರುಗಳ ಎದುರಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಇನ್ನು ಜಗಳವಿಲ್ಲ ಎಂದು ಮಾತು ಕೊಟ್ಟಿದ್ದರು.

"ಯಾರನ್ನು ಯಾರು ತಪ್ಪಿತಸ್ಥ ಎಂದರು?" ಗುರುಗಳು ಕೇಳಿದರು.

"ನನ್ನನ್ನು ಸಂಗಯ್ಯ ಎಂದ. ನಾನು ಇನ್ನೂ ಜಗಳದಲ್ಲೇ ಇದ್ದೇನಂತೆ. ಎರಡು ತಿಂಗಳಿಂದ ಅವನ ವಿಷಯಕ್ಕೆ ಒಂದು ಮಾತೂ ಆಡಿಲ್ಲ. ಅವನ ಒಂದು ಕಡ್ಡಿಯನ್ನೂ ಮುಟ್ಟಿಲ್ಲ. ಇನ್ನೇನು ಬೇಕಂತೆ ಅವನಿಗೆ?"

ಗುರುಗಳು ಕುಳಿತಲ್ಲೇ ಸ್ವಲ್ಪ ಸರಿದು ಅವನಿಗೆ ಚಾಪೆಯಲ್ಲಿ ಜಾಗ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ಸೀಮೆ ಇತ್ತು. ಅಲ್ಲಿಯ ಜನ ತಮ್ಮದು ಬೇರೆ ನಾಡು ಎಂದರು. ಬಯಲಿನ ಸರ್ಕಾರ ಅದು ತನ್ನದೇ ಎಂದಿತು. ಹದಿನೆಂಟು ವರ್ಷ ಕಾದಾಟ ನಡೆಯಿತು.

ಬೆಟ್ಟದವರಲ್ಲಿ ಏಳು ಜನರ ಒಂದು ಪಡೆ. ಅವರು ಒಂದು ಜಾಗದಲ್ಲಿ ಅಡುಗೆ ಮಾಡಿದರೆ ಅಲ್ಲಿ ಮಲಗುತ್ತಿರಲಿಲ್ಲ. ಹೋದ ದಾರಿಯಲ್ಲಿ ತಿರುಗಿ ಬರುತ್ತಿರಲಿಲ್ಲ. ಕುಳಿತರೆ ಬೆನ್ನಿಗೆ ಬೆನ್ನು ಕೊಟ್ಟು, ಮುಖ ಹೊರಗೆ ಮಾಡಿ ಕುಳಿತುಕೊಳ್ಳುತ್ತಿದ್ದರು. ನಡೆಯುವಾಗ ಮೊದಲನೆಯವನು ಇಟ್ಟ ಹೆಜ್ಜೆಯ ಮೇಲೆ ಎರಡನೆಯವನ ಹೆಜ್ಜೆ, ಅದರ ಮೇಲೆ ಮೂರನೆಯವನ ಹೆಜ್ಜೆ. ಕೊನೆಯವನು ಮಾತ್ರ ಹಿಮ್ಮುಖವಾಗಿ ನಡೆಯುತ್ತಿದ್ದ. ಅವನ ಕೈಯಲ್ಲಿ ಒಂದು ಸೊಪ್ಪಿನ ರೆಂಬೆ. ಅದರಿಂದ ಎಲ್ಲರ ಹೆಜ್ಜೆಯನ್ನೂ ಅಳಿಸಿಕೊಂಡು ಬರುತ್ತಿದ್ದ.

ಹದಿನೆಂಟು ವರ್ಷವೂ ಆ ಕೆಲಸ ಒಬ್ಬನದೇ. ಅವನನ್ನು ಎಲ್ಲರೂ ಕೊನೆಯವನು ಎಂದೇ ಕರೆಯುತ್ತಿದ್ದರು. ಹಿಮ್ಮುಖವಾಗಿ ನಡೆಯುತ್ತಿದ್ದುದರಿಂದ ಅವನು ವೈರಿಗೆ ಒಂದು ದಿನವೂ ಬೆನ್ನು ತೋರಿಸಿರಲಿಲ್ಲ. ಪಡೆಯಲ್ಲಿ ಎಷ್ಟು ಜನ ಇದ್ದಾರೆಂದು ಸೈನ್ಯಕ್ಕೆ ತಿಳಿದಿರಲಿಲ್ಲ. ಎಪ್ಪತ್ತು ಇರಬಹುದು ಎಂದು ಅಂದಾಜು ಮಾಡಿತ್ತು. ಏಳು ಜನ ಬದುಕಿ ಉಳಿದದ್ದು ಆ ಅಂದಾಜಿನಿಂದ.

ಕೊನೆಗೆ ಎರಡೂ ಕಡೆಯವರು ದಣಿದರು. ನಲವತ್ತು ದಿನದ ಕದನವಿರಾಮ ಎಂದು ಒಪ್ಪಂದವಾಯಿತು. ನಡುವೆ ಒಂದು ಹಳ್ಳ. ಆಚೆ ಬೆಟ್ಟದವರು, ಈಚೆ ಸೈನಿಕರು. ಯಾರೂ ಗುಂಡು ಹಾರಿಸಕೂಡದು. ಹಳ್ಳ ದಾಟುವವರು ಬಂದೂಕು ಬಿಟ್ಟು, ಹಗಲಿನಲ್ಲಿ, ಸೇತುವೆಯ ಮೇಲೆಯೇ ಬರಬೇಕು. ಈಚೆಯ ಠಾಣೆಯಲ್ಲಿ ಬೆಟ್ಟದ ಹನ್ನೊಂದು ಜನ ಸೆರೆಯಲ್ಲಿದ್ದರು. ನಲವತ್ತು ದಿನ ಶಾಂತವಾಗಿ ಕಳೆದರೆ ಅವರನ್ನು ಬಿಟ್ಟುಬಿಡುವುದು. ಅಲ್ಲಿಯವರೆಗೆ ಅವರನ್ನು ಠಾಣೆಯಿಂದ ಬೇರೆಡೆಗೆ ಸಾಗಿಸಕೂಡದು.

ಆ ಹನ್ನೊಂದು ಜನರಲ್ಲಿ ಒಬ್ಬ ಕೊನೆಯವನ ತಮ್ಮ.

ಕೊನೆಯವನು ದಿನ ಎಣಿಸುತ್ತಿದ್ದ. ಪಡೆಯಲ್ಲಿ ಯಾರಾದರೂ ಬಂದೂಕಿಗೆ ಎಣ್ಣೆ ಹಾಕಿದರೂ ಅವನು ಸಿಡುಕುತ್ತಿದ್ದ. ಮೂವತ್ತೈದು ದಿನ ಕಳೆದವು. ಮೂವತ್ತಾರನೆಯ ದಿನ, ತಮ್ಮನಿಗೆ ಜ್ವರ ಎಂದು ಸುದ್ದಿ ಬಂದಿತು.

ಅವನು ಪಡೆಯ ನಾಯಕನ ಹತ್ತಿರ ಹೋಗಿ, "ಒಂದು ಕಂಬಳಿ ಕೊಟ್ಟು ಬರುತ್ತೇನೆ" ಎಂದ.

ನಾಯಕ ಅವನ ಬಂದೂಕು ತೆಗೆದುಕೊಂಡ. "ಸೇತುವೆಯ ಮೇಲೆ ಹೋಗು. ರಸ್ತೆ ಬಿಟ್ಟು ಇಳಿಯಬೇಡ. ಸಂಜೆಯೊಳಗೆ ಬಾ. ಇನ್ನು ನಾಲ್ಕು ದಿನ ಇದೆ, ಏನೂ ಎಡವಟ್ಟು ಮಾಡಬೇಡ."

"ನನ್ನ ತಮ್ಮ ಅಲ್ಲಿರುವಾಗ ನಾನು ಎಡವಟ್ಟು ಮಾಡುತ್ತೇನೆಯೇ?" ಎಂದು ಕೊನೆಯವನು ಹೊರಟ.

ಸೇತುವೆಯ ಕಾವಲುಗಾರ ಕಂಬಳಿಯನ್ನು ಬಿಡಿಸಿ, ಕೊಡವಿ, ಅಂಚನ್ನೆಲ್ಲ ಹಿಚುಕಿ ನೋಡಿದ.

"ಇದರೊಳಗೆ ಗುಂಡು ಹೊಲಿದಿದ್ದೀಯೇನು?"

"ಹೇನು ಇರಬಹುದು. ಬೇಕಿದ್ದರೆ ಎಣಿಸಿಕೋ."

ಕಾವಲುಗಾರ ನಕ್ಕು ಕಳಿಸಿದ. ಸೇತುವೆಯಿಂದ ಠಾಣೆಗೆ ಅರ್ಧ ಗಂಟೆಯ ಹಾದಿ. ಮೆತ್ತನೆಯ ಮಣ್ಣಿನ ರಸ್ತೆ. ನಡುವೆ ಎರಡು ತಿರುವು. ಕೊನೆಯವನು ರಸ್ತೆಯ ಮಧ್ಯದಲ್ಲೇ ನಡೆದು ಹೋದ. ಠಾಣೆಯ ಕಂಬಿಗಳ ಆಚೆ ತಮ್ಮ ಕುಳಿತಿದ್ದ. ಕೆನ್ನೆ ಇಳಿದಿತ್ತು. ಕಂಬಳಿ ತೆಗೆದುಕೊಳ್ಳುವಾಗ ಅವನ ಕೈ ನಡುಗಿತು. ಅಣ್ಣ ಕೇಳಿದ್ದಕ್ಕೆ, "ಚಳಿಗೆ" ಎಂದ.

ತಿರುಗಿ ಬರುವಾಗ ಕೊನೆಯವನಿಗೆ ಆ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಠಾಣೆಯ ಹತ್ತಿರದ ತಿರುವು ದಾಟಿದ. ಬೇಲಿಯಲ್ಲಿ ಲಕ್ಕಿ ಗಿಡ ಇತ್ತು. ಒಂದು ರೆಂಬೆ ಮುರಿದ. ಹಿಮ್ಮುಖವಾಗಿ ತಿರುಗಿದ. ರಸ್ತೆಯನ್ನು ಗುಡಿಸಿಕೊಂಡು ನಡೆದ.

"ಬೇಕೆಂದೇ ಗುಡಿಸಿದನೇ?" ರೇವಯ್ಯ ಕೇಳಿದ.

"ಇಲ್ಲ. ತಾನು ಗುಡಿಸುತ್ತಿದ್ದೇನೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ" ಎಂದು ಗುರುಗಳು ಮುಂದುವರಿಸಿದರು.

ಎರಡನೆಯ ತಿರುವಿನಲ್ಲಿ ಮುಂದಕ್ಕೆ ತಿರುಗಿದಾಗ ಸೇತುವೆ ಕಾಣಿಸಿತು. ರೆಂಬೆ ಎಲ್ಲಿಯೋ ಬಿತ್ತು. ಕಾವಲುಗಾರನಿಗೆ ಎರಡೂ ಕೈ ತೋರಿಸಿ, ಸೇತುವೆ ದಾಟಿ, ಸಂಜೆಯೊಳಗೆ ಪಡೆಯನ್ನು ಸೇರಿಕೊಂಡ. "ರಸ್ತೆಯಲ್ಲೇ ಹೋಗಿ ರಸ್ತೆಯಲ್ಲೇ ಬಂದೆ" ಎಂದು ನಾಯಕನಿಗೆ ಹೇಳಿದ. ಅದು ಸುಳ್ಳಾಗಿರಲಿಲ್ಲ.

ಬೆಳಿಗ್ಗೆ ಗಸ್ತಿನವರು ಆ ದಾರಿಯಲ್ಲಿ ಬಂದರು. ಎರಡು ತಿರುವಿನ ನಡುವೆ ರಸ್ತೆ ನುಣ್ಣಗಿತ್ತು. ಕೊನೆಯವನ ಹೆಜ್ಜೆ ಇರಲಿಲ್ಲ. ಹಿಂದಿನ ದಿನ ತಾವೇ ನಡೆದ ಹೆಜ್ಜೆಯೂ ಇರಲಿಲ್ಲ. ಠಾಣೆಯ ಅಧಿಕಾರಿಯನ್ನು ಕರೆತಂದರು. ಅವನು ಆ ಬೆಟ್ಟಕ್ಕೆ ಬಂದು ಹತ್ತು ವರ್ಷವಾಗಿತ್ತು. ಮಣ್ಣಿನ ಮೇಲೆ ರೆಂಬೆ ಎಳೆದ ಅಂಥ ಗೆರೆಗಳನ್ನು ಕಂಡ ಪ್ರತಿ ಸಲವೂ ಒಂದೆರಡು ದಿನದಲ್ಲಿ ತನ್ನವರ ಹೆಣ ಹೊತ್ತಿದ್ದ.

ಸೇತುವೆಯ ಕಾವಲುಗಾರ ಹೇಳಿದ, "ಸಾರ್, ನಿನ್ನೆ ಬಂದವನು ಒಬ್ಬನೇ. ಹೋದವನೂ ಒಬ್ಬನೇ. ನಾನೇ ಕಣ್ಣಾರೆ ಕಂಡೆ."

"ನೀನು ಕಂಡದ್ದು ಒಬ್ಬನನ್ನು. ಇಲ್ಲಿ ಅಳಿಸಿರುವುದು ಎಷ್ಟು ಜನರದ್ದು?"

ಕಾವಲುಗಾರ ಬಗ್ಗಿ ಗೆರೆಗಳನ್ನು ನೋಡಿದ.

"ಠಾಣೆಗೂ ಕಾಣದ, ಸೇತುವೆಗೂ ಕಾಣದ ಕಡೆಯನ್ನೇ ಆರಿಸಿಕೊಂಡು ಗುಡಿಸಿದ್ದಾರೆ" ಎಂದ ಅಧಿಕಾರಿ. "ಒಬ್ಬನನ್ನು ಕಂಬಳಿ ಕೊಟ್ಟು ನಮ್ಮ ಕಣ್ಣೆದುರು ಕಳಿಸಿ, ಮಿಕ್ಕವರು ಹಳ್ಳ ಹಾಯ್ದು ಈಚೆ ಬಂದಿದ್ದಾರೆ. ಸೆರೆಯವರನ್ನು ಬಿಡಿಸಿಕೊಳ್ಳುವ ಹೂಟ ಇದು."

ಅವನು ಕೆಟ್ಟವನಲ್ಲ. ಕದನವಿರಾಮ ಮುರಿಯಲಿ ಎಂದು ಬಯಸಿದವನೂ ಅಲ್ಲ. ಆದರೆ ಮೂವತ್ತು ಸೈನಿಕರ ಜೀವ ಅವನ ತಲೆಯ ಮೇಲಿತ್ತು. ಹನ್ನೊಂದು ಜನರ ಕೈಗಳನ್ನು ಒಂದೇ ಹಗ್ಗಕ್ಕೆ ಕಟ್ಟಿಸಿ, ಸುತ್ತ ಸೈನಿಕರನ್ನು ನಿಲ್ಲಿಸಿ, ಬಯಲಿನ ಕಡೆಗೆ ಹೊರಡಿಸಿದ.

ಬಯಲಿಗೆ ಹೋಗುವ ರಸ್ತೆ ಹಳ್ಳದ ದಂಡೆಯಲ್ಲೇ ಇತ್ತು. ಬೆಟ್ಟದ ಮೇಲಿದ್ದವರಿಗೆ ಅದು ಕಾಣಿಸಿತು. ನಾಯಕ ಕೈ ಎತ್ತಿದ. ಹದಿನೆಂಟು ವರ್ಷದ ರೂಢಿ. ಏಳು ಜನ ಏಳು ಬಂಡೆಗಳ ಹಿಂದೆ ಸೇರಿಕೊಂಡರು. ಕೆಳಗೆ ಹಳ್ಳ, ಅದರಾಚೆ ರಸ್ತೆ, ರಸ್ತೆಯ ಆಚೆ ಕಡಿದಾದ ಬಂಡೆ. ಅಲ್ಲಿ ನಡೆಯುವವರಿಗೆ ಓಡಲು ಜಾಗವಿರಲಿಲ್ಲ. ಮೊದಲ ಸೈನಿಕ ಆಗಲೇ ಗುರಿಯೊಳಗೆ ಬಂದಿದ್ದ.

"ಅವರೇ ಒಪ್ಪಂದ ಮುರಿದರು" ಎಂದು ಒಬ್ಬ ಪಿಸುಗುಟ್ಟಿದ. "ಹೇಳು ಅಣ್ಣ, ಹೊಡೆಯೋಣ."

ನಾಯಕ ಕೈ ಇಳಿಸಲಿಲ್ಲ. ಪಕ್ಕದ ಬಂಡೆಯ ಕಡೆಗೆ ತಿರುಗಿದ. ಅಲ್ಲಿ ಕೊನೆಯವನಿದ್ದ. ಅವನ ಕಣ್ಣು ಹಗ್ಗದಲ್ಲಿ ನಾಲ್ಕನೆಯವನ ಮೇಲಿತ್ತು. ನಾಲ್ಕನೆಯವನು ಹೆಗಲ ಮೇಲೆ ಕಂಬಳಿ ಹೊದ್ದಿದ್ದ.

"ನಿನ್ನೆ ಹೋದವನು ನೀನೊಬ್ಬನೇ" ಎಂದ ನಾಯಕ. "ನಿಜ ಹೇಳು. ಅಲ್ಲಿ ಏನು ಮಾಡಿದೆ?"

"ಏನೂ ಇಲ್ಲ."

"ಯಾರಿಗಾದರೂ ಬೈದೆಯಾ?"

"ಇಲ್ಲ."

"ರಸ್ತೆ ಬಿಟ್ಟೆಯಾ?"

"ಇಲ್ಲವಲ್ಲ."

"ಬರುವಾಗ ಕೈಯಲ್ಲಿ ಏನಿತ್ತು?"

ಕೊನೆಯವನಿಗೆ ಏನೂ ನೆನಪಾಗಲಿಲ್ಲ. ಬಂದೂಕಿನಿಂದ ಬಲಗೈ ತೆಗೆದು ಅಂಗೈ ನೋಡಿಕೊಂಡ. ಮೂಗಿನ ಹತ್ತಿರ ತಂದ. ಲಕ್ಕಿ ಸೊಪ್ಪಿನ ವಾಸನೆ ಇನ್ನೂ ಹೋಗಿರಲಿಲ್ಲ.

ಅವನು ಬಂದೂಕನ್ನು ಬಂಡೆಗೆ ಒರಗಿಸಿ ಎದ್ದ.

"ಕುಳಿತುಕೋ, ಹೊಡೆದುಹಾಕುತ್ತಾರೆ" ಎಂದು ನಾಯಕ ಅವನ ಅಂಗಿ ಹಿಡಿದ. ಕೊನೆಯವನು ಬಿಡಿಸಿಕೊಂಡು ಇಳಿದ. ಹಳ್ಳದ ನೀರು ಪಾದಕ್ಕೆ ತಗಲುವವರೆಗೆ ಬಂದು ನಿಂತ. ಆಚೆ ದಂಡೆಯಲ್ಲಿ ಮೂವತ್ತು ಬಂದೂಕು ಅವನ ಕಡೆಗೆ ತಿರುಗಿದವು.

"ರಸ್ತೆ ಗುಡಿಸಿದವನು ನಾನು" ಎಂದು ಅವನು ಕೂಗಿ ಹೇಳಿದ. "ಅಳಿಸಿದ್ದು ನನ್ನ ಹೆಜ್ಜೆ ಒಂದನ್ನೇ. ಬೇರೆ ಯಾರೂ ಬಂದಿಲ್ಲ."

"ಒಬ್ಬನೇ ಬಂದವನು ಹೆಜ್ಜೆ ಯಾಕೆ ಅಳಿಸುತ್ತಾನೆ?" ಅಧಿಕಾರಿ ಕೇಳಿದ.

"ರೂಢಿ."

ಸೈನಿಕರಲ್ಲಿ ಒಬ್ಬ ವ್ಯಂಗ್ಯವಾಗಿ ನಕ್ಕ. ಆಗ ಹಗ್ಗದಲ್ಲಿದ್ದ ತಮ್ಮ ಮಾತನಾಡಿದ. ಜ್ವರದಿಂದ ದನಿ ಒಡೆದಿತ್ತು. "ನಿಜ ಸಾಹೇಬರೇ. ಮನೆಗೆ ಬಂದಾಗಲೂ ಹಾಗೇ. ನೀರು ತರಲು ಹೋದರೂ ಗುಡಿಸಿಕೊಂಡೇ ಬರುತ್ತಾನೆ. ನಮ್ಮ ಅವ್ವ ಅಂಗಳ ಗುಡಿಸುವುದನ್ನೇ ಬಿಟ್ಟುಬಿಟ್ಟಿದ್ದಳು."

ಯಾರೂ ನಗಲಿಲ್ಲ. ಆದರೆ ಒಂದೆರಡು ಬಂದೂಕಿನ ತುದಿ ಸ್ವಲ್ಪ ತಗ್ಗಿತು.

ಅಧಿಕಾರಿ ಕೊನೆಯವನನ್ನೇ ನೋಡುತ್ತಿದ್ದ. "ನಿಮ್ಮಲ್ಲಿ ಒಬ್ಬನೂ ಈಚೆ ಬಂದಿಲ್ಲ ಎನ್ನುವುದಾದರೆ ಎಲ್ಲರೂ ಆಚೆಯೇ ಇರಬೇಕು. ನೀವು ಎಷ್ಟು ಜನ?"

ಹದಿನೆಂಟು ವರ್ಷ ಕೊನೆಯವನು ಅಳಿಸಿಕೊಂಡು ಬಂದದ್ದು ಆ ಒಂದು ಉತ್ತರವನ್ನೇ. ಹೇಳಿದರೆ ಪಡೆಯ ಜೀವ ವೈರಿಯ ಕೈಗೆ. ಹೇಳದಿದ್ದರೆ ತಮ್ಮ ಬಯಲಿನ ಜೈಲಿಗೆ, ಇಲ್ಲವೇ ಇದೇ ರಸ್ತೆಯ ಮೇಲೆ ಎರಡೂ ಕಡೆಯ ಗುಂಡಿನ ನಡುವೆ. ಅವನು ತಿರುಗಿ ಬೆಟ್ಟದ ಕಡೆ ನೋಡಲಿಲ್ಲ. ನೋಡಿದರೆ ಜಾಗ ತೋರಿಸಿಕೊಟ್ಟಂತೆ.

"ಕೇಳಿದ್ದು ಕೇಳಿಸಿತೇ?" ಎಂದ ಅಧಿಕಾರಿ.

ಆಗ ಮೇಲಿನಿಂದ ಕಲ್ಲು ಉರುಳಿದ ಸದ್ದಾಯಿತು. ಬಂಡೆಯ ಹಿಂದಿನಿಂದ ನಾಯಕ ಎದ್ದು ನಿಂತಿದ್ದ. ಕೈಯಲ್ಲಿ ಬಂದೂಕು ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬ ಎದ್ದ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಎಲ್ಲರಿಗಿಂತ ತಡವಾಗಿ ಎದ್ದವನು, ಹೊಡೆಯೋಣ ಎಂದು ಪಿಸುಗುಟ್ಟಿದವನು.

ಅಧಿಕಾರಿ ಬೆರಳು ಮಡಚಿ ಎಣಿಸಿದ. ಮೇಲೆ ಆರು, ಕೆಳಗೆ ಒಂದು.

"ಬರೀ ಏಳೇ?" ಅವನ ದನಿ ಕುಗ್ಗಿತ್ತು. ಹತ್ತು ವರ್ಷ ಅವನು ಎಪ್ಪತ್ತು ಜನರ ಜೊತೆ ಕಾದಿದ್ದ. "ಎಂಟನೆಯವನು ಇಲ್ಲ ಎಂದು ನಾನು ಹೇಗೆ ನಂಬಲಿ?"

"ಎಂಟನೆಯವನು ಇದ್ದಿದ್ದರೆ ನಾವು ಏಳು ಜನ ಎದ್ದು ನಿಲ್ಲುತ್ತಿರಲಿಲ್ಲ" ಎಂದ ನಾಯಕ.

ಆ ಏಳು ಜನರನ್ನು ಹೊಡೆದು ಕೆಡವಲು ಒಂದು ಸನ್ನೆ ಸಾಕಾಗಿತ್ತು. ಅಧಿಕಾರಿಗೆ ಅದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಕೊನೆಗೆ ಅಧಿಕಾರಿ ತನ್ನವರಿಗೆ, "ಠಾಣೆಗೆ ತಿರುಗಿ" ಎಂದ. ಆಮೇಲೆ ಕೊನೆಯವನಿಗೆ ಹೇಳಿದ, "ನೀನು ನಡೆ. ಹಿಮ್ಮುಖವಾಗಿ ಅಲ್ಲ. ಬೆನ್ನು ಕೊಟ್ಟು ನಡೆ."

ಕೊನೆಯವನು ತಿರುಗಿದ. ಅಷ್ಟು ಬಂದೂಕುಗಳಿಗೆ ಬೆನ್ನು ಕೊಟ್ಟು ಏರು ಹತ್ತಿದ. ಒದ್ದೆ ಪಾದದ ಗುರುತು ಬಂಡೆಗಳ ಮೇಲೆ ಒಂದೊಂದಾಗಿ ಉಳಿಯಿತು. ತುದಿ ಮುಟ್ಟುವಾಗ ಅವನ ಅಂಗಿ ಬೆವರಿನಲ್ಲಿ ನೆನೆದಿತ್ತು.

"ಹದಿನೆಂಟು ವರ್ಷ ಅಳಿಸಿದ್ದನ್ನು ಒಂದು ಬೆಳಿಗ್ಗೆಯಲ್ಲಿ ತೋರಿಸಿಕೊಟ್ಟೆ" ಎಂದ ನಾಯಕ. ಆಮೇಲೆ ಕೊನೆಯವನ ಬಂದೂಕು ಎತ್ತಿ ತನ್ನ ಹೆಗಲಿಗೇ ಹಾಕಿಕೊಂಡ.

ನಲವತ್ತನೆಯ ದಿನ ಹನ್ನೊಂದು ಜನ ಸೇತುವೆ ದಾಟಿ ಬಂದರು. ಅಣ್ಣ ತಮ್ಮ ಊರಿನ ದಾರಿ ಹಿಡಿದರು. ತಮ್ಮನಿಗೆ ನಿತ್ರಾಣ. ಅವನು ಮುಂದೆ, ಅಣ್ಣ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಬೇಲಿಯಲ್ಲಿ ಎಲೆ ಅಲುಗಿದ ಸದ್ದಾಯಿತು. ತಮ್ಮ ತಿರುಗಿಯೂ ನೋಡದೆ ಹಿಂದಕ್ಕೆ ಕೈ ಚಾಚಿ ಅಣ್ಣನ ಕೈ ಹಿಡಿದುಕೊಂಡ. ಊರು ಮುಟ್ಟುವವರೆಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ರೇವಯ್ಯನ ಮುಖ ಅರಳಿತು. "ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ ಗುರುಗಳೇ. ಕೊನೆಯವನು ಮಾತು ಮುರಿದಿರಲಿಲ್ಲ. ಒಪ್ಪಂದದ ಒಂದು ಅಕ್ಷರವನ್ನೂ ಮೀರಿರಲಿಲ್ಲ. ತಪ್ಪು ತಿಳಿದುಕೊಂಡವನು ಅಧಿಕಾರಿ. ಇಲ್ಲಿ ತಪ್ಪು ತಿಳಿದುಕೊಂಡವನು ಸಂಗಯ್ಯ."

ಮುಂದಿನ ಜಗಲಿಯಿಂದ ಸಂಗಯ್ಯ ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲುವವರೆಗೆ ಗುರುಗಳು ಕಾದರು.

"ರೇವಯ್ಯ, ಹಿತ್ತಲ ಬಾಗಿಲಿನಿಂದ ಯಾಕೆ ಬಂದೆ?"