ಆಂಪ್ಲಿಫೈಯರ್‌ನ ಹಂಬಲ

ಸಂಗೀತ ಶಿಕ್ಷಕಿ ಅಂಬುಜಾಕ್ಷಿಯ ಮೇಜಿನ ಮೇಲೆ ಒಂದು ಹೆಡ್‌ಫೋನ್, ಅದಕ್ಕೆ ದನಿ ಬಲಪಡಿಸಿ ಕೊಡುವ ಒಂದು ಆಂಪ್ಲಿಫೈಯರ್ ಇದ್ದವು. ಆಕೆ ದಿನವೂ ಸಂಜೆ, ತೀರಿಹೋದ ತಂಗಿ ಸುಗುಣೆಯ ಹಾಡನ್ನು ಕೇಳುತ್ತಿದ್ದಳು. ಉಳಿದಿದ್ದುದು ಅದೊಂದೇ ಧ್ವನಿಮುದ್ರಣ.

ಒಂದು ಸಂಜೆ ಆಕೆ ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಹತ್ತಿರ ಬಾರೇ," ಎಂದಳು.

ಆಂಪ್ಲಿಫೈಯರ್‌ಗೆ ಸಂಕಟವಾಯಿತು. "ಮಿತ್ರಾ, ನನ್ನ ಬಲವನ್ನೆಲ್ಲ ಸುರಿದರೆ ತಂಗಿ ಹತ್ತಿರ ಬಂದಾಳು," ಎಂದಿತು.

"ನಾನು ಬಲು ನಾಜೂಕು. ನನಗೆ ನಿನ್ನ ಪಿಸುಮಾತೇ ಸಾಕು," ಎಂದಿತು ಹೆಡ್‌ಫೋನ್.

ಅಷ್ಟರಲ್ಲಿ ಅಂಬುಜಾಕ್ಷಿಯೇ ದನಿಯ ಬಲ ಹೆಚ್ಚುಕಡಿಮೆ ಮಾಡುವ, ನಡುಮಟ್ಟದಲ್ಲಿದ್ದ ಗೇನ್ ಗುಂಡಿಯನ್ನು ತುತ್ತತುದಿಗೆ ಏರಿಸಿದಳು. ಆಂಪ್ಲಿಫೈಯರ್ ಕೆಂಡದಂತೆ ಕಾದು ಬುಸುಗುಟ್ಟಿತು. ತಂಗಿಯ ದನಿ ಆ ಬುಸುಗುಟ್ಟುವಿಕೆಯಲ್ಲಿ ಮುಳುಗಿತು.

"ಅಯ್ಯೋ, ಇದು ಅವಳಲ್ಲ!" ಎಂದು ಆಕೆ ಹೆಡ್‌ಫೋನ್ ತೆಗೆದಿಟ್ಟಳು. ಗುಂಡಿ ತಿರುಗಿಸಲು ಹೋದ ಬೆರಳಿಗೂ ಬಿಸಿ ತಾಗಿತು.

"ನಾನು ಬೆಂದದ್ದು ಆಕೆಗಾಗಿಯೇ ಅಲ್ಲವೇ?" ಎಂದು ಆಂಪ್ಲಿಫೈಯರ್ ಕೇಳಿತು.

"ಹೌದು. ಆದರೆ ಆಕೆಗೆ ಕೇಳಿಸಿದ್ದು ನೀನು," ಎಂದಿತು ಹೆಡ್‌ಫೋನ್.

ಆಂಪ್ಲಿಫೈಯರ್‌ನ ಮೈ ಆರುವ ತನಕ ಕಾದು, ಅಂಬುಜಾಕ್ಷಿ ಗುಂಡಿಯನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಿ ಮತ್ತೆ ಕಿವಿಗೊಟ್ಟಳು. ಈ ಸಲ ಬೇರೆ ಸದ್ದೇ ಇರಲಿಲ್ಲ. ಪಲ್ಲವಿಗೆ ಮುನ್ನ ತಂಗಿ ಉಸಿರೆಳೆದುಕೊಂಡದ್ದು ಮೊದಲ ಬಾರಿಗೆ ಕೇಳಿಸಿತು.

"ಇಲ್ಲೇ ಇದ್ದೀಯಲ್ಲೇ, ಸುಗುಣಾ!"

ಆಕೆ ಅಳುತ್ತ, ಉಗುರುಬೆಚ್ಚಗಿದ್ದ ಆಂಪ್ಲಿಫೈಯರ್ ಮೇಲೆ ಅಂಗೈಯಿಟ್ಟಳು. ಹಾಡು ಮುಗಿದ ಮೇಲೂ ಕೈ ತೆಗೆಯಲಿಲ್ಲ.