ಕಡಿದ ಎಳೆಯನ್ನು ಕಂಡ ಮೂವರು

“ಗುರುಗಳೇ, ಎಲ್ಲರೂ ಸೇರಿ ಮಾಡಿದ ತಪ್ಪನ್ನು ಒಬ್ಬನೇ ಯಾಕೆ ಒಪ್ಪಿಕೊಳ್ಳಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮೋಟಾರ್ ಸೈಕಲ್ಲಿನ ಕ್ಲಚ್ ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಕಡಿದಿದ್ದರೂ, ಅದು ಯಾರ ಕಣ್ಣಿಗೆ ಬಿತ್ತೋ ಅವನೇ ಕೇಬಲ್ ಬದಲಿಸಬೇಕು. ಬದಲಿಸದೆ ಗಾಡಿಯನ್ನು ಮುಂದಿನವನಿಗೆ ಒಪ್ಪಿಸಬಾರದು. ಹಾಗೆ ಒಪ್ಪಿಸಿದವನು ಮತ್ತೆಂದೂ ಗಾಡಿಯ ಬೀಗದ ಕೈ ಮುಟ್ಟುವಂತಿಲ್ಲ. ಆ ಮನೆಯ ಗಂಡಸರು ಒಬ್ಬರೂ ಬಿಡದಂತೆ ಈ ಕಟ್ಟಳೆಯನ್ನು ಮುರಿದರು.

ಅದು ಅಕ್ಕಸಾಲಿಗರ ಮನೆ. ಅಲ್ಲಿ ಮೂವರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ತಾಯಿ. ಗಾಡಿ ಒಂದೇ. ಸೋಮವಾರ ಮಂಗಳವಾರ ಹಿರಿಯವನ ಪಾಳಿ, ಬುಧವಾರ ಗುರುವಾರ ನಡುವಿನವನದು, ಶುಕ್ರವಾರ ಶನಿವಾರ ಕಿರಿಯವನದು. ಪಾಳಿ ಇದ್ದವನು ಸುತ್ತಲ ಊರುಗಳಿಗೆ ಹೋಗಿ ಮುರಿದ ಸರ, ಸವೆದ ಓಲೆಗಳನ್ನು ತರಬೇಕು, ಸರಿಮಾಡಿದ್ದನ್ನು ಮುಟ್ಟಿಸಬೇಕು. ಉಳಿದ ದಿನ ಕುಲುಮೆಯ ಮುಂದೆ ಕೆಲಸ. ಕಟ್ಟಳೆ ಮಾಡಿದ್ದು ತೀರಿಹೋದ ತಂದೆ. ಹೊಸ ಕೇಬಲ್ಲೊಂದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುವ ರೂಢಿಯೂ ಅವನದೇ. ಯಾರಿಗೂ ಹುಡುಕುವ ನೆಪ ಸಿಗಬಾರದು ಎಂದು ಅವನು ಹಾಗೆ ಮಾಡಿದ್ದ.

ಒಂದು ಗುರುವಾರ ಬೆಳಿಗ್ಗೆ ನಡುವಿನವನು ಕ್ಲಚ್ ಲಿವರ್ ಹಿಡಿದಾಗ ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದ. ಲಿವರಿನ ಒಳಗೆ, ಕೇಬಲ್ಲಿನ ತುದಿಯ ಗುಂಡಿನ ಹತ್ತಿರ, ಒಂದು ಎಳೆ ಕಡಿದು ಕೂದಲಿನಂತೆ ಎದ್ದು ನಿಂತಿತ್ತು. ಕೇಬಲ್ ಹಾಕುವುದು ಅವನಿಗೆ ಚೆನ್ನಾಗಿ ಗೊತ್ತು. ಅರ್ಧ ಗಂಟೆಯ ಕೆಲಸ. ಆದರೆ ಹೊತ್ತಾಗಿತ್ತು, ಮದುವೆ ಮನೆಯವರು ತಾಳಿಗೆ ಕಾದು ಕೂತಿದ್ದರು. ಬಂದ ಮೇಲೆ ಹಾಕೋಣ ಎಂದುಕೊಂಡ. ಲಿವರ್ ಕೊಂಚ ಸಡಿಲವಾಗಿತ್ತು. ಅದರ ಬುಡದಲ್ಲಿದ್ದ ತಿರುಪನ್ನು ಒಂದು ಸುತ್ತು ಹೊರಕ್ಕೆ ತಿರುಗಿಸಿದ. ಲಿವರ್ ಬಿಗಿಯಾಯಿತು. ಹೊರಟುಹೋದ.

ಸಂಜೆ ಬಂದಾಗ ದಣಿವಾಗಿತ್ತು. ನಾಳೆ ತಮ್ಮನ ಪಾಳಿ. ಹೇಳೋಣವೆಂದರೆ, ಕಂಡವನು ನೀನು, ನೀನೇ ಹಾಕು ಎನ್ನುತ್ತಾನೆ. ಹೇಳಿದರೆ ಕೆಲಸ, ಹೇಳದಿದ್ದರೆ ಊಟ. ಅವನು ಬೀಗದ ಕೈಯನ್ನು ಅದರ ಜಾಗದಲ್ಲಿಟ್ಟು ಊಟಕ್ಕೆ ಕೂತ.

ಎರಡು ವಾರ ಏನೂ ಆಗಲಿಲ್ಲ. ಅವನ ಪಾಳಿ ಮತ್ತೆ ಬಂತು, ಮತ್ತೆ ಹೋಯಿತು. ಲಿವರ್ ಬಿಗಿಯಾಗಿಯೇ ಇತ್ತು. ಅವನು ಬಗ್ಗಿ ನೋಡಲಿಲ್ಲ.

ಮೂರನೆಯ ಶನಿವಾರ ಕಿರಿಯವನು ಸೇತುವೆಯ ಏರಿನಲ್ಲಿ ನಿಂತಿದ್ದ ಲಾರಿಯ ಹಿಂದೆ ಗಾಡಿ ನಿಲ್ಲಿಸಲು ಕ್ಲಚ್ ಹಿಡಿದ. ಕೇಬಲ್ ಕಡಿಯಿತು. ಗೇರಿನಲ್ಲಿದ್ದ ಗಾಡಿ ಅವನು ಬ್ರೇಕು ಒತ್ತುವಷ್ಟರಲ್ಲಿ ಮುಂದಕ್ಕೆ ನುಗ್ಗಿತು. ಎಡಗೈ ಹ್ಯಾಂಡಲಿಗೂ ಲಾರಿಯ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಉಂಗುರದ ಬೆರಳನ್ನೂ ಕಿರುಬೆರಳನ್ನೂ ತೆಗೆದರು.

ಎಡಗೈಯಲ್ಲಿ ಚಿಮಟ ಹಿಡಿದು ಗುಂಜಿಯಷ್ಟು ಬಂಗಾರವನ್ನು ಅಲುಗದಂತೆ ನಿಲ್ಲಿಸುವ ಕೆಲಸ ಅವನ ಪಾಲಿಗೆ ಅಲ್ಲಿಗೆ ಮುಗಿಯಿತು. ಉಳಿದದ್ದು ಊರು ತಿರುಗುವ ಕೆಲಸವೊಂದೇ. ಹಿರಿಯವನು, “ಇನ್ನು ವಾರವಿಡೀ ಗಾಡಿ ತಮ್ಮನಿಗೇ ಇರಲಿ, ಕುಲುಮೆ ನಾವಿಬ್ಬರು ನೋಡಿಕೊಳ್ಳೋಣ” ಎಂದ. ತಾಯಿ ಬೀಗದ ಕೈಯನ್ನು ಕಿರಿಯವನಿಗೆ ಕೊಟ್ಟಳು. ಉಳಿದ ಎರಡು ಬೆರಳಿಗೆ ಒಗ್ಗುವಂತೆ ಕ್ಲಚ್ ಸರಿಮಾಡಿಕೊಡುವ ಹೊಣೆಯನ್ನು ನಡುವಿನವನು ತಾನೇ ಕೇಳಿ ತೆಗೆದುಕೊಂಡ.

ಅಂಗಳದಲ್ಲಿ ಗಾಡಿಯ ಮುಂದೆ ಕೂತು ಹಳೆಯ ಕೇಬಲ್ ಬಿಚ್ಚಲು ಕೈ ಹಾಕಿದಾಗ ಅವನ ಕೈ ತಡೆಯಿತು. ತಾನು ತಿರುಗಿಸಿದ್ದು ಒಂದೇ ಸುತ್ತು. ತಿರುಪು ಕೊನೆಯ ಸುತ್ತಿನವರೆಗೆ ಹೊರಗೆ ಬಂದು, ಇನ್ನು ಬಿದ್ದೇಹೋಗುವಂತೆ ನಿಂತಿತ್ತು. ತಲೆಯೆತ್ತಿ ಪಕ್ಕದಲ್ಲಿ ನಿಂತಿದ್ದ ಅಣ್ಣನನ್ನು ನೋಡಿದ.

“ಏನೋ ಹಾಗೆ ನೋಡ್ತೀಯ?” ಎಂದ ಹಿರಿಯವನು. “ನಾನೊಬ್ನೇ ತಿರುಗಿಸಿದ್ನಾ?”

“ನಾನು ಒಂದು ಸುತ್ತು.”

“ನಾನು ಎರಡು. ಉಳಿದದ್ದು ಯಾರ ಕೆಲಸ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?” ಹಿರಿಯವನು ದನಿ ತಗ್ಗಿಸಿದ. “ಅವ್ವ ಕೇಳಿದ್ರೆ ಒಂದೇ ಸಲಕ್ಕೆ ಪಟ್ಟಂತ ಕಡೀತು ಅನ್ನೋಣ. ಯಾರಿಗೂ ಕಂಡಿರಲಿಲ್ಲ. ತಮ್ಮನಿಗೂ ಹೇಳಿಟ್ಟಿದ್ದೀನಿ. ಅವನ ಅನ್ನ ಉಳಿಯೋದೂ ಅದರಲ್ಲೇ ಕಣೋ.”

ಅಣ್ಣನ ಮಾತಿನಲ್ಲಿ ಕರುಣೆಯೇ ಇದೆ ಎಂದು ನಡುವಿನವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಅವನಿಗೆ ಹಗುರವೂ ಆಯಿತು.

ಅವನು ಶ್ರದ್ಧೆಯಿಂದ ಕೆಲಸ ಮಾಡಿದ. ಹಳೆಯ ಕೇಬಲ್ಲಿನ ತುದಿಗೆ ದಾರ ಕಟ್ಟಿ ಎಳೆದ, ಹೊಸದು ಟ್ಯಾಂಕಿನ ಕೆಳಗೆ ಅದೇ ದಾರಿಯಲ್ಲಿ ಸಾಗಲೆಂದು. ಹಾಕುವ ಮೊದಲು ಹೊಸ ಕೇಬಲ್ಲನ್ನು ನೆಟ್ಟಗೆ ಹಿಡಿದು ಮೇಲಿನ ತುದಿಯಿಂದ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟ. ಕೆಳಗಿನ ತುದಿಯಲ್ಲಿ ಎಣ್ಣೆ ಜಿನುಗುವವರೆಗೆ ಕಾದ. ಎಂಜಿನ್ ಕಡೆಯ ತುದಿ ಸಿಕ್ಕಿಸಿ, ಆಮೇಲೆ ಲಿವರಿನದನ್ನು ಕೂರಿಸಿದ. ಲಿವರಿನ ಬುಡದಲ್ಲಿ ಒಂದು ನಾಣ್ಯ ತೂರುವಷ್ಟು ಸಡಿಲ ಬಿಟ್ಟು ನಟ್ಟು ಬಿಗಿದ. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ಹೊರಳಿಸಿ, ಆಗಲೂ ಸಡಿಲ ಅಷ್ಟೇ ಇದೆಯೇ ಎಂದು ನೋಡಿದ.

ಹಿರಿಯವನು ಎರಡು ಬೆರಳಲ್ಲಿ ಲಿವರ್ ಒತ್ತಿ ನೋಡಿ, “ಬೆಣ್ಣೆ ಕಣೋ, ಬೆಣ್ಣೆ! ಇಷ್ಟು ಚೆನ್ನಾಗಿ ಹಾಕೋನು ಹೋದ ತಿಂಗಳು ಎಲ್ಲಿ ಸತ್ತಿದ್ದೆ?” ಎಂದು ನಕ್ಕ. ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ.

ಅಂದು ಮಧ್ಯಾಹ್ನ ತಾಯಿ ಮೂವರನ್ನೂ ಕರೆದು ಕೂರಿಸಿದಳು. ಅವಳ ಕೈಯಲ್ಲಿ ಹಳೆಯ ಕೇಬಲ್ ಇತ್ತು. ಅವಳು ಅಕ್ಕಸಾಲಿಯ ಹೆಂಡತಿ. ನಲವತ್ತು ವರ್ಷ ತಂತಿಯ ನಡುವೆ ಬಾಳಿದವಳು.

“ಒಂದೇ ಸಲಕ್ಕೆ ಕಡಿದ ತಂತಿಯ ತುದಿಗಳೆಲ್ಲ ಹೊಳೀತವೆ,” ಎಂದಳು. “ಇದರಲ್ಲಿ ಮುಕ್ಕಾಲು ಪಾಲು ಕಪ್ಪಾಗಿವೆ. ಎಷ್ಟೋ ದಿನದಿಂದ ಒಂದೊಂದೇ ಕಡೀತಾ ಬಂದಿದೆ. ಇದು ಯಾರಿಗೆ ಕಂಡಿತ್ತು?”

“ಲಿವರಿನ ಒಳಗಿರೋದು ಯಾರಿಗೆ ಕಾಣುತ್ತವ್ವ?” ಎಂದ ಹಿರಿಯವನು.

ತಾಯಿ ನಡುವಿನವನ ಕಡೆ ತಿರುಗಿದಳು. “ನನಗೂ ಕಾಣಲಿಲ್ಲ” ಎಂದ ಅವನು. ಮಾತು ಅವನು ಎಣಿಸಿದ್ದಕ್ಕಿಂತ ಸಲೀಸಾಗಿ ಬಂತು.

ಕಿರಿಯವನು ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿರಿಯವನು ಅವನಿಗೆ ಕಣ್ಸನ್ನೆ ಮಾಡಿದ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಗಾಡಿ ಅವನದು, ದಾರಿ ಅವನದು, ಹೆಂಡತಿ ಮಕ್ಕಳ ಅನ್ನವೂ ಉಳಿಯುತ್ತಿತ್ತು.

“ನನಗೆ ಕಂಡಿತ್ತವ್ವ,” ಎಂದ ಅವನು. “ಎರಡು ಎಳೆ ಕಡಿದಿತ್ತು. ತಿರುಪು ಬಿಗಿಮಾಡಿ ಸುಮ್ಮನೆ ಅಣ್ಣನಿಗೆ ಗಾಡಿ ಕೊಟ್ಟೆ.”

“ಹುಚ್ಚುಮುಂಡೇದೇ, ನಿನ್ನನ್ನ ಯಾರೋ ಕೇಳಿದ್ರು?” ಎಂದು ಹಿರಿಯವನು ಸಿಡಿದ.

“ನಾನು ಕೇಳಿದೆ,” ಎಂದಳು ತಾಯಿ. ಕಿರಿಯವನನ್ನೇ ದಿಟ್ಟಿಸಿ, “ನಿನ್ನೊಬ್ಬನಿಗೇ ಕಂಡಿತ್ತೇನೋ?” ಎಂದಳು.

“ನನಗೆ ಕಂಡದ್ದು ನಾನು ಹೇಳಿದೆ. ಅವರಿಗೆ ಕಂಡದ್ದು ಅವರು ಹೇಳಲಿ.”

ಹೀಗೆ ಹೇಳಿ ಅವನು ಕಾದ. ತಾಯಿಯೂ ಕಾದಳು. ಹಿರಿಯವನು ಮಾಡಿನ ಕಡೆ ನೋಡಿದ. ನಡುವಿನವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿನಲ್ಲಿ ಎಣ್ಣೆ ಇತ್ತು. ನಾಲಿಗೆಯ ತುದಿಯವರೆಗೆ ಒಂದು ಮಾತು ಬಂತು. ಅಣ್ಣ ಮೊದಲು ಹೇಳಲಿ, ಆಮೇಲೆ ನಾನು ಹೇಳುತ್ತೇನೆ ಎಂದುಕೊಂಡ. ಅಣ್ಣ ಹೇಳಲಿಲ್ಲ.

“ನಿಮ್ಮಪ್ಪನ ಕಟ್ಟಳೆ ನಿನಗೆ ಗೊತ್ತಲ್ಲ,” ಎಂದಳು ತಾಯಿ. ಅವಳ ದನಿ ನಡುಗಿತು, ಮಾತು ನಡುಗಲಿಲ್ಲ.

ಕಿರಿಯವನು ಬಲಗೈಯಿಂದ ಜೇಬಿನ ಬೀಗದ ಕೈ ತೆಗೆದು ತಾಯಿಯ ಮುಂದಿಟ್ಟ. ಒಳಗೆ ಹೋಗಿ ಮುಟ್ಟಿಸಬೇಕಾಗಿದ್ದ ಒಡವೆಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದ. ಅಂಗಳದಲ್ಲಿ ತನಗಾಗಿ ಅಣಿಮಾಡಿದ್ದ ಗಾಡಿಯ ಪಕ್ಕದಲ್ಲೇ ಹಾದು, ಊರುಗಳ ಕಡೆಗೆ ನಡೆದುಕೊಂಡು ಹೊರಟ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಒಪ್ಪಿಕೊಂಡವನೊಬ್ಬನಿಗೇ ಶಿಕ್ಷೆಯಾಯಿತಲ್ಲ, ಗುರುಗಳೇ!” ಎಂದ ಶಿಷ್ಯ.

“ಹೌದು, ಉಳಿದಿಬ್ಬರಿಗೆ ಅದೂ ದಕ್ಕಲಿಲ್ಲ.”