ಸಾಕು ಎಂದ ದೇವರು

"ಬುದ್ಧಿ, ಊಟದ ಹೊತ್ತಿಗೆ ಮಾತ್ರ ವಿಭೂತಿ ಹಚ್ಚಿಕೊಂಡು ಬಂದು, ಉಂಡು, ಬಾಗಿಲು ದಾಟಿದ ಕೂಡಲೇ ಅಳಿಸಿಕೊಳ್ಳುವವನಿಗೆ ಅನ್ನ ಇಕ್ಕಬೇಕೆ?"

ಕೇಳಿದವನು ಮರುಳಸಿದ್ಧ. ಮಠದ ದಾಸೋಹದಲ್ಲಿ ಬಡಿಸುವ ಕೆಲಸ ಅವನದು. ಹಣೆ ನೋಡಿ ಬಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ರೂಢಿಸಿಕೊಂಡಿದ್ದ. ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಮಹಾ ದೈವಭಕ್ತ. ಪೂಜೆಯಾಗದೆ ಗುಟುಕು ನೀರು ಮುಟ್ಟುವವನಲ್ಲ. ದಿನಾ ಮಧ್ಯಾಹ್ನ ಮನೆಯ ಮುಂದೆ ಬಡವರನ್ನು ಕೂರಿಸಿ, ತಾನೇ ನಿಂತು ಮುದ್ದೆ ಸಾರು ಬಡಿಸುತ್ತಿದ್ದ. ಅಷ್ಟರ ಮಟ್ಟಿಗೆ ಒಳ್ಳೆಯವನೇ. ಆದರೆ ಸೌಟು ಎತ್ತುವ ಮೊದಲು ಅವನದೊಂದು ಪ್ರಶ್ನೆ ಇರುತ್ತಿತ್ತು. ದುಡಿಯಲು ನಿನಗೇನು ರೋಗ? ಹೆಂಡ ಕುಡಿಯುತ್ತೀಯಾ? ಗುಡಿಗೆ ಹೋಗಿ ಎಷ್ಟು ದಿನವಾಯಿತು? ಹಸಿದವರೇನು ದಡ್ಡರಲ್ಲ. ಯಾವ ಉತ್ತರಕ್ಕೆ ಮುದ್ದೆ ಬೀಳುತ್ತದೆಂದು ಎಂಟೇ ದಿನದಲ್ಲಿ ಕಲಿತುಕೊಂಡರು.

ಅವರಲ್ಲಿ ಒಬ್ಬ ಕುಂಟನಿದ್ದ. ಅವನಿಗೆ ಮಾತ್ರ ಪ್ರಶ್ನೆಯಿರಲಿಲ್ಲ. ಎಳೆದುಕೊಂಡು ಬರುವ ಕಾಲೇ ಉತ್ತರ ಹೇಳುತ್ತಿತ್ತು. ಒಮ್ಮೆ ಸಂತೆಯಲ್ಲಿ ಹೋರಿಯೊಂದು ಹಗ್ಗ ಹರಿದುಕೊಂಡು ನುಗ್ಗಿತು. ಜನ ದಿಕ್ಕಾಪಾಲಾಗಿ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವನು ಕುಂಟ. ವರ್ತಕ ಅದನ್ನು ಕಣ್ಣಾರೆ ಕಂಡ.

ಅವನ ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದುಕೊಂಡ. ಅನ್ನ ನಿಲ್ಲಿಸಿದರೆ ಪಾಪ ಬಂದೀತೆಂಬ ಭಯ. ಮುಂದುವರಿಸಿದರೆ ಅಪಾತ್ರದಾನ, ಅದೂ ಪಾಪವೇ. ದೇವರನ್ನೇ ಕೇಳಿಬಿಡೋಣವೆಂದು ಬೆಟ್ಟ ಹತ್ತಿದ. ಅಲ್ಲಿನ ಗುಡಿಯಲ್ಲಿ ಸೋಮವಾರ ಪೂಜಾರಿಯ ಮೈಮೇಲೆ ದೇವರು ಬಂದು ಹೇಳಿಕೆ ಕೊಡುತ್ತಿತ್ತು. ಆ ದೇವರದು ಮಾತು ಬಲು ಕಡಿಮೆ.

"ಸ್ವಾಮಿ, ಹನ್ನೆರಡು ವರ್ಷದಿಂದ ಉಣ್ಣಿಸುತ್ತಿದ್ದೇನೆ. ಉಣ್ಣುವವರೆಲ್ಲ ಸುಳ್ಳರು. ಇನ್ನು ನಾನೇನು ಮಾಡಲಿ?"

ಪೂಜಾರಿ ನಡುಗುತ್ತಾ ಒಂದೇ ಮಾತು ಹೇಳಿದ. "ಸಾಕು."

ವರ್ತಕನಿಗೆ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಮನೆಗೆ ಬಂದವನೇ ದೊಡ್ಡ ಗಡಿಗೆಯನ್ನು ಕವುಚಿ ಹಾಕಿದ. ಬಂದವರಿಗೆಲ್ಲ, ದೇವರ ಅಪ್ಪಣೆಯಾಗಿದೆ, ಹೋಗಿ ಎಂದ. ಹೆಂಡತಿ ತವರಿಗೆ ಹೋಗಿದ್ದಳು, ಏನೆಂದು ಕೇಳುವವರಿರಲಿಲ್ಲ. ಐದನೆಯ ದಿನ ಕುಂಟ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ.

"ಎದ್ದು ನಡಿಯಯ್ಯ, ನಿನ್ನ ಕಾಲು ನೋಡಿದ್ದೀನಿ" ಎಂದ ವರ್ತಕ.

ಅವನು ಏಳಲು ನೋಡಿದ. ಕಾಲು ನಿಲ್ಲಲಿಲ್ಲ. ಈ ಸಲ ಅವನು ನಟಿಸುತ್ತಿರಲಿಲ್ಲ, ಆದರೆ ಅದು ವರ್ತಕನಿಗೆ ಗೊತ್ತಾಗುವ ದಾರಿಯಿರಲಿಲ್ಲ. ಅದೇ ಹೊತ್ತಿಗೆ ಹೆಂಡತಿ ತವರಿನಿಂದ ಬಂದಳು. ಕೈಯಲ್ಲಿದ್ದ ಗಂಟು ಕೆಳಗಿಟ್ಟು, ಒಳಗಿನಿಂದ ಮಜ್ಜಿಗೆ ತಂದು ಕುಂಟನಿಗೆ ಕುಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಒಲೆ ಯಾಕ್ರೀ ತಣ್ಣಗಿದೆ?"

"ಬೆಟ್ಟದ ದೇವರ ಹೇಳಿಕೆ ಆಯ್ತು. ಬಡವರ ವಿಚಾರ ಕೇಳಿದೆ. ಸಾಕು ಅಂತು."

"ಮತ್ತೆ ಸಾಕದೆ ಯಾಕೆ ಕೂತಿದ್ದೀರಿ?"

ವರ್ತಕ ಬೆಪ್ಪಾದ. "ಸಾಕು ಅಂದ್ರೆ ನಿಲ್ಲಿಸು ಅಂತ ಕಣೇ."

"ತಬ್ಬಲಿ ಕರು ತಂದುಕೊಟ್ಟು ನಮ್ಮಪ್ಪ ಸಾಕು ಅಂದಾಗ, ನಾನು ಹಾಲು ಕುಡಿಸೋದು ನಿಲ್ಲಿಸಿದ್ನಾ?"

"ಇವನು ಸುಳ್ಳ. ಕುಂಟನೇ ಅಲ್ಲ."

"ಸುಳ್ಳು ಹೇಳಿದ್ದು ಕಾಲು. ಹಸಿದಿರೋದು ಹೊಟ್ಟೆ" ಎಂದವಳೇ ಗಡಿಗೆ ತಿರುಗಿಸಿಡಲು ಹೋದಳು.

ವರ್ತಕ ಸುಮ್ಮನೆ ಸೋಲುವವನಲ್ಲ. ಮರುದಿನವೇ ಬೆಟ್ಟ ಹತ್ತಿ, ದೇವರು ಹೇಳಿದ್ದು ಯಾವ ಸಾಕು ಎಂದು ಪೂಜಾರಿಯನ್ನು ಕೇಳಿದ. ಪೂಜಾರಿ ತಲೆ ಕೆರೆದುಕೊಂಡ. "ಮೈಮೇಲಿಂದ ದೇವ್ರು ಇಳಿದ್ಮೇಲೆ ನಂಗೇನೂ ನೆಪ್ಪಿರಾಕಿಲ್ಲ ಧಣಿ. ಕೇಳಿಸ್ಕೊಂಡೋರು ನೀವು."

ಬೆಟ್ಟ ಇಳಿಯುವಾಗ ಅವನಿಗೆ ನಾಚಿಕೆಯಾಯಿತು. ದೇವರ ಮಾತು ಕೇಳಲು ಹೋದವನು ತನಗೆ ಬೇಕಾದ ಮಾತು ಕೇಳಿಸಿಕೊಂಡು ಬಂದಿದ್ದ. ಆ ಮಧ್ಯಾಹ್ನ ಪ್ರಶ್ನೆಯಿಲ್ಲದೆ ಸೌಟು ಎತ್ತಿದ. ಒಂದೆರಡು ದಿನ ಕಳೆದ ಮೇಲೆ ಕುಂಟ ಎರಡೂ ಕಾಲೂರಿ ನೆಟ್ಟಗೆ ನಡೆದು ಬಂದು ಪಂಕ್ತಿಯಲ್ಲಿ ಕೂತ. ವರ್ತಕ ಮುದ್ದೆ ಇಕ್ಕಿ ಮುಂದಿನ ಎಲೆಗೆ ಹೋದ.

ಗುರುಗಳು ಮಾತು ನಿಲ್ಲಿಸಿದರು. ಮರುಳಸಿದ್ಧನಿಗೆ ಕತೆ ಹಿಡಿಸಿತ್ತು. ಆದರೂ ಮನಸ್ಸಿನೊಳಗಿನ ಮುಳ್ಳು ಹೋಗಿರಲಿಲ್ಲ.

"ವರ್ತಕನ ಮಾತು ಬಿಡಿ ಬುದ್ಧಿ. ನಮ್ಮ ದಾಸೋಹದ ಆ ಮನುಷ್ಯನನ್ನು ಏನು ಮಾಡಲಿ?"

ಗುರುಗಳು ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕಿಟ್ಟು ಎದ್ದರು.

"ಸಾಕು" ಎಂದರು.

ಯಾವ ಸಾಕು ಎಂದು ಮರುಳಸಿದ್ಧ ಕೇಳಲಿಲ್ಲ.